ಸೋತ ಮಗುವನ್ನು ಮೈದಾನದಿಂದ ಮನೆಗೆ ಕರೆತರುವುದು ಹೇಗೆ?

ಶಾಲಾ ಕ್ರೀಡಾಕೂಟ ಮುಗಿದ ಸಂಜೆ ದಾವಣಗೆರೆಯ ಜಿಲ್ಲಾ ಕ್ರೀಡಾಂಗಣದ ಗೇಟಿನ ಹತ್ತಿರ ನಿಂತು ನೋಡಿ. ಬೈಕ್ ಸ್ಟಾರ್ಟ್ ಆಗುವ ಮೊದಲೇ ಅಪ್ಪಂದಿರ ಮಾತು ಶುರುವಾಗಿರುತ್ತದೆ. "ಕೊನೇಲಿ ಯಾಕೆ ನಿಧಾನ ಮಾಡ್ದೆ?" "ಅವಳಿಗೆ ಆಗಿದ್ದು ನಿನಗ್ಯಾಕೆ ಆಗ್ಲಿಲ್ಲ?" ಹಿಂದೆ ಕೂತ ಮಗು ತಲೆ ಎತ್ತಿರುವುದಿಲ್ಲ.

ನಾನೂ ಈ ತಪ್ಪು ಮಾಡಿದ್ದೇನೆ. ಮಗಳು 400 ಮೀಟರ್ ಓಟದಲ್ಲಿ ಐದನೆಯವಳಾದ ದಿನ ಪಿ.ಬಿ. ರಸ್ತೆ ಉದ್ದಕ್ಕೂ ಅವಳ ಓಟದ ತಪ್ಪು ಹೇಳುತ್ತಲೇ ಬಂದೆ. ದಾರಿಯಲ್ಲೆಲ್ಲೋ ಅವಳು ನನ್ನ ಭುಜದ ಮೇಲಿದ್ದ ಕೈ ತೆಗೆದಳು. ಆಮೇಲೆ ಎರಡು ವಾರ ಮೈದಾನದ ಕಡೆ ಹೋಗಲೇ ಇಲ್ಲ.

ಮೊದಲು, ಓಟದ ಹಿಂದಿನ ರಾತ್ರಿ. ಬೇಗ ಮಲಗಿಸಿ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಉತ್ಸಾಹ ಬರಲಿ ಅಂತ ಎನರ್ಜಿ ಡ್ರಿಂಕ್ ಕೊಡಿಸಬೇಡಿ. ಮಕ್ಕಳಿಗೆ ಸೂಕ್ತವಲ್ಲ ಎಂದು ಆ ಡಬ್ಬಿಯ ಮೇಲೇ ಬರೆದಿರುತ್ತದೆ. ಅದರಲ್ಲಿರುವ ಕೆಫೀನ್ ನಿದ್ದೆ ಕೆಡಿಸುತ್ತದೆ, ಗಾಬರಿಯನ್ನೂ ಜಾಸ್ತಿ ಮಾಡುತ್ತದೆ.

ಎರಡನೆಯದು, ಮೈದಾನದಲ್ಲಿ. ಹೇಳಿಕೊಡುವ ಕೆಲಸ ಪಿ.ಟಿ. ಮೇಷ್ಟ್ರಿಗೆ ಬಿಡಿ, ನೀವು ಚಪ್ಪಾಳೆ ಹೊಡೆಯಿರಿ.

ಮೂರನೆಯದು, ಓಟ ಮುಗಿದ ಮೇಲಿನ ಒಂದು ಗಂಟೆ. ನಾವು ಎಡವುವುದೇ ಇಲ್ಲಿ.

ಮಗು ನಿಮ್ಮ ಹತ್ತಿರ ಬಂದಾಗ ಮೊದಲು ನೀರು ಕೊಡಿ. ಅತ್ತರೆ ಅಳಲಿ. "ಇಷ್ಟಕ್ಕೆಲ್ಲ ಅಳ್ತಾರಾ?" ಅನ್ನಬೇಡಿ. "ಹೋಗ್ಲಿ ಬಿಡು, ಏನೂ ಆಗಿಲ್ಲ" ಅನ್ನುವುದೂ ಬೇಡ. ಮಗುವಿಗೆ ಏನೋ ಆಗಿದೆ. ತಿಂಗಳುಗಟ್ಟಲೆ ಮುಂಜಾನೆ ಎದ್ದು ಓಡಿದ್ದು ಅದರ ಕಾಲು. "ಬೇಜಾರಾಗಿದೆ ಅಲ್ವಾ ಪುಟ್ಟಿ?" ಅಂದರೆ ಸಾಕು. ಪಕ್ಕದಲ್ಲಿ ಸುಮ್ನೆ ಕೂತುಕೊಳ್ಳಿ.

ಬೈಕಿನಲ್ಲಿ ಓಟದ ಮಾತು ನೀವು ಎತ್ತಬೇಡಿ. ಮಗುವೇ ಎತ್ತಿದರೆ ಕೇಳಿಸಿಕೊಳ್ಳಿ, ತಿದ್ದಲು ಹೋಗಬೇಡಿ. "ನೀನು ಓಡೋದು ನೋಡೋಕೆ ನಂಗಿಷ್ಟ" ಅನ್ನುವ ಒಂದು ಮಾತು ಆ ದಿನಕ್ಕೆ ಬೇಕಾದಷ್ಟಾಯಿತು.

ಇನ್ನು ಬೆಣ್ಣೆದೋಸೆ. ನಮ್ಮೂರಲ್ಲಿ ಎಷ್ಟೋ ಮನೆಗಳಲ್ಲಿ "ಗೆದ್ರೆ ದೋಸೆ ಕೊಡಿಸ್ತೀನಿ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಸೋತ ಮಗು ಅದೇ ಹೋಟೆಲ್ ಮುಂದೆ ದಾಟಿಕೊಂಡು ಮನೆಗೆ ಬರುತ್ತದೆ. ಅಪ್ಪನ ಪ್ರೀತಿಗೂ ಪದಕ ಬೇಕೇನೋ ಅಂತ ಅದಕ್ಕೆ ಅನ್ನಿಸುತ್ತದೆ. ದಯವಿಟ್ಟು ಸೋತ ದಿನವೂ ಗಾಡಿ ನಿಲ್ಲಿಸಿ. ಗೆದ್ದ ದಿನ ತಿಂದಷ್ಟೇ ದೋಸೆ, ಅದೇ ಬೆಣ್ಣೆ.

"ಇವತ್ತಿನ ಸೋಲಿಂದ ಏನು ಕಲಿತೆ?" ಅನ್ನುವ ಪ್ರಶ್ನೆ ಆ ರಾತ್ರಿ ಬೇಡವೇ ಬೇಡ. ಮೊಬೈಲಿನಲ್ಲಿ ಸ್ಫೂರ್ತಿಯ ವಿಡಿಯೋ ತೋರಿಸುವ ಶಾರ್ಟ್‌ಕಟ್ಟೂ ಬೇಡ. ಎರಡು ದಿನ ಬಿಟ್ಟು, ಮಗು ಆರಾಮಾಗಿದ್ದಾಗ, "ಮುಂದಿನ ಸಲ ಏನು ಬೇರೆ ಥರ ಮಾಡ್ಬೇಕು ಅನ್ಸುತ್ತೆ?" ಅಂತ ಕೇಳಿ. ಉತ್ತರ ಅದರ ಬಾಯಿಂದಲೇ ಬರಲಿ.

ನಾಲ್ಕನೆಯದು, ಉಳಿದ ದಿನಗಳು. ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ ಕೊಡಿ. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ದಾಟದಿರಲಿ. 12 ವರ್ಷದವರಿಗೆ 12 ಗಂಟೆ ಧಾರಾಳ ಆಯ್ತು. ಪಕ್ಕದ ಮನೆಯವರ ಜೊತೆ ಹೋಲಿಸಬೇಡಿ. ನಮ್ಮೂರಿನ ಕ್ರಿಕೆಟಿಗ ವಿನಯ್ ಕುಮಾರ್ ರಣಜಿ ಆಡಲು ಶುರು ಮಾಡಿದ್ದು 2004ರಲ್ಲಿ, ಭಾರತ ತಂಡ ಸೇರಿದ್ದು 2010ರಲ್ಲಿ. ನಾವು ತಾಲ್ಲೂಕು ಮಟ್ಟದ ಒಂದು ಓಟಕ್ಕೇ ತಾಳ್ಮೆ ಕಳೆದುಕೊಳ್ಳುತ್ತೇವೆ.

ಅಭ್ಯಾಸದ ದಿನವೇ ಹೊಟ್ಟೆನೋವು ಬರುವುದು, ಊಟ ಬಿಡುವುದು, ನಿದ್ದೆಗೆಡುವುದು ಎರಡು ವಾರ ಆದರೂ ನಿಲ್ಲದಿದ್ದರೆ ಅದನ್ನು ಸೋಮಾರಿತನ ಅನ್ನಬೇಡಿ. ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಒಂದು ದಿನ ಮಗು "ಬಿಟ್ಬಿಡ್ಲಾ ಅಪ್ಪಾ?" ಅಂತ ಕೇಳಬಹುದು. ಸೋತ ದಿನ ಕೇಳಿದರೆ "ಈಗ ಬೇಡ, ಹದಿನೈದು ದಿನ ಆದ್ಮೇಲೆ ಮಾತಾಡೋಣ" ಅನ್ನಿ. ಆ ಹದಿನೈದು ದಿನ ಬೆಳಿಗ್ಗೆ ಎಬ್ಬಿಸಲು ಹೋಗಬೇಡಿ. ತಾನಾಗಿಯೇ ಎದ್ದು ಶೂ ಹಾಕಿಕೊಂಡರೆ ಗಾಡಿ ತೆಗೆಯಿರಿ. ಏಳದಿದ್ದರೆ ಹೇಳಿದ ದಿನಕ್ಕೆ ಸರಿಯಾಗಿ ಕೂತು ಮಾತಾಡಿ. ಆಗಲೂ ಬೇಡ ಅಂದರೆ ಒಪ್ಪಿಕೊಳ್ಳಿ, ಮೇಷ್ಟ್ರಿಗೆ ನೀವೇ ಹೋಗಿ ಹೇಳಿ ಬನ್ನಿ.