ಲೈಸೋಸೋಮ್ ಹೊರಪೊರೆಗೆ ಬೆಸೆಯಿತೇ? ಅಳೆಯುವ ವಿಧಾನ

ಕೋಶದೊಳಗೆ ಜೀರ್ಣಕಿಣ್ವಗಳನ್ನು ತುಂಬಿಕೊಂಡಿರುವ ಚೀಲವಾದ ಲೈಸೋಸೋಮ್ ಕೋಶಪೊರೆಗೆ ಬೆಸೆದುಕೊಂಡರೆ ಎರಡು ಗುರುತು ಸಿಗುತ್ತವೆ. ಒಳಗಿದ್ದ ಹೆಕ್ಸೋಸಮಿನಿಡೇಸ್ ಕಿಣ್ವ ಹೊರಗಿನ ದ್ರವಕ್ಕೆ ಬರುತ್ತದೆ; ಲೈಸೋಸೋಮಿನ ಒಳಕ್ಕೆ ಮುಖ ಮಾಡಿದ್ದ ಲ್ಯಾಂಪ್-1 ಪ್ರೋಟೀನಿನ ಭಾಗ ಕೋಶದ ಹೊರಮೈಯಲ್ಲಿ ಕಾಣಿಸಿಕೊಳ್ಳುತ್ತದೆ. ಕಿಣ್ವವೊಂದನ್ನೇ ನಂಬಬೇಡಿ. ಕೋಶ ಹರಿದರೂ ಅದು ಹೊರಬರುತ್ತದೆ.

24 ಗುಳಿಗಳಿರುವ (24-ವೆಲ್) ಪ್ಲೇಟಿನಲ್ಲಿ ಕೋಶಗಳು ಶೇ 80ರಷ್ಟು ಹರಡಿದಾಗ ಕೆಲಸ ಶುರುಮಾಡಿ. ಕೋಶ ಬೆಳೆಸುವ ದ್ರವದಲ್ಲಿರುವ ಸೀರಮ್ಮಿನಲ್ಲೂ ಇದೇ ಕಿಣ್ವವಿದೆ, ಹಾಗಾಗಿ ಮೂರು ಸಲ ತೊಳೆಯಿರಿ. ಫೀನಾಲ್ ರೆಡ್ ಬಣ್ಣ ಇಲ್ಲದ ಹೆಪೆಸ್ ಬಫರ್ ಬಳಸಿ. ಫಾಸ್ಫೇಟ್ ಬಫರಿನಲ್ಲಿ ಕ್ಯಾಲ್ಸಿಯಂ ಗಸಿಯಾಗಿ ತಳ ಸೇರಬಹುದು. ಪ್ರತಿ ವೆಲ್ಲಿಗೆ 300 ಮೈಕ್ರೋಲೀಟರ್ ಬಫರ್, ಅದರಲ್ಲಿ 2 ಮಿಲಿಮೋಲಾರ್ ಕ್ಯಾಲ್ಸಿಯಂ ಮತ್ತು 5 ಮೈಕ್ರೋಮೋಲಾರ್ ಅಯನೋಮೈಸಿನ್ (ಕ್ಯಾಲ್ಸಿಯಂ ಅನ್ನು ಕೋಶದೊಳಕ್ಕೆ ಬಿಡುವ ವಸ್ತು). 37 ಡಿಗ್ರಿಯಲ್ಲಿ 10 ನಿಮಿಷ. ಹೋಲಿಕೆಗೆ ಎರಡು ಬಗೆಯ ವೆಲ್ ಬೇಕು: ಅಯನೋಮೈಸಿನ್ ಇಲ್ಲದೆ, ಅದನ್ನು ಕರಗಿಸುವ ಡಿಎಂಎಸ್‌ಒ ಮಾತ್ರ ಅಷ್ಟೇ ಪ್ರಮಾಣದಲ್ಲಿ ಹಾಕಿದ್ದು, ಮತ್ತು ಕ್ಯಾಲ್ಸಿಯಂ ಬದಲು, ಅದನ್ನು ಹಿಡಿದಿಡುವ ಇಜಿಟಿಎ ಜೊತೆ ಅಯನೋಮೈಸಿನ್ ಹಾಕಿದ್ದು. ಈ ಬೆಸುಗೆಗೆ ಕ್ಯಾಲ್ಸಿಯಂ ಗ್ರಹಿಸುವುದು ಸಿನಾಪ್ಟೋಟ್ಯಾಗ್ಮಿನ್-7 ಎಂಬ ಪ್ರೋಟೀನು. ಎರಡು ಪೊರೆಗಳನ್ನು ಹತ್ತಿರಕ್ಕೆ ಎಳೆಯುವ ಪ್ರೋಟೀನುಗಳು ಲೈಸೋಸೋಮಿನ ವ್ಯಾಂಪ್-7, ಕೋಶಪೊರೆಯ ಸ್ನ್ಯಾಪ್-23 ಮತ್ತು ಸಿಂಟ್ಯಾಕ್ಸಿನ್-4.

ದ್ರವವನ್ನು ಮಂಜುಗಡ್ಡೆಯ ಮೇಲಿಟ್ಟ ಟ್ಯೂಬಿಗೆ ತೆಗೆದು, 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜಿನಲ್ಲಿ 300 ಜಿ ಬಲದಲ್ಲಿ 5 ನಿಮಿಷ ತಿರುಗಿಸಿ. ಬಿಡಿಕೋಶವೊಂದು ಉಳಿದರೂ ಲೆಕ್ಕ ಕೆಡುತ್ತದೆ. ವೆಲ್ಲಿನಲ್ಲಿ ಉಳಿದ ಕೋಶಗಳನ್ನು ಪೊರೆ ಕರಗಿಸುವ ಮಾರ್ಜಕ ಟ್ರೈಟಾನ್ ಶೇ 0.5ರಷ್ಟು ಇರುವ ಅಷ್ಟೇ 300 ಮೈಕ್ರೋಲೀಟರ್ ಬಫರಿನಲ್ಲಿ ಒಡೆಯಿರಿ.

ಎರಡರಿಂದಲೂ 50 ಮೈಕ್ರೋಲೀಟರ್ ತೆಗೆದು, ಪಿಎಚ್ 4.5ರ ಸಿಟ್ರೇಟ್ ಬಫರಿನಲ್ಲಿ ಕರಗಿಸಿದ 2 ಮಿಲಿಮೋಲಾರ್ ಪ್ಯಾರಾ-ನೈಟ್ರೋಫಿನೈಲ್-ಎನ್-ಅಸಿಟೈಲ್-ಗ್ಲುಕೋಸಮಿನೈಡ್ 50 ಮೈಕ್ರೋಲೀಟರ್ ಸೇರಿಸಿ; ಹೆಕ್ಸೋಸಮಿನಿಡೇಸ್ ಇದನ್ನು ಕತ್ತರಿಸಿ ನೈಟ್ರೋಫೀನಾಲ್ ಬಿಡಿಸುತ್ತದೆ. 37 ಡಿಗ್ರಿಯಲ್ಲಿ ಒಂದು ಗಂಟೆ. ಬಣ್ಣ ಕಾಣಲಿಲ್ಲವೆಂದು ಗಾಬರಿ ಬೇಡ, ಆಮ್ಲದಲ್ಲಿ ನೈಟ್ರೋಫೀನಾಲ್ ಹೆಚ್ಚುಕಡಿಮೆ ಬಣ್ಣರಹಿತ. ಪಿಎಚ್ 10ರ ಕಾರ್ಬೊನೇಟ್ 150 ಮೈಕ್ರೋಲೀಟರ್ ಹಾಕಿದೊಡನೆ ಹಳದಿ ಬರುತ್ತದೆ. 405 ನ್ಯಾನೋಮೀಟರಿನಲ್ಲಿ ಓದಿ. ಬ್ಲ್ಯಾಂಕ್ (ಮಾದರಿಯಿಲ್ಲದ ಮಿಶ್ರಣದ ಓದು) ಕಳೆದ ಮೇಲೆ, ದ್ರವದ ಓದನ್ನು ದ್ರವ ಮತ್ತು ಕೋಶಗಳ ಒಟ್ಟು ಓದಿನಿಂದ ಭಾಗಿಸಿ 100ರಿಂದ ಗುಣಿಸಿ.

ಅದೇ ದ್ರವದಲ್ಲಿ ಎಲ್‌ಡಿಎಚ್ (ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್) ಕೂಡ ಅಳೆಯಿರಿ. ಅದು ಸೈಟೋಸಾಲಿನ, ಅಂದರೆ ಕೋಶದೊಳಗಿನ ದ್ರವದ ಕಿಣ್ವ, ಬೆಸುಗೆಯಿಂದ ಹೊರಬರುವುದಿಲ್ಲ. ಹೆಕ್ಸೋಸಮಿನಿಡೇಸ್ ಜೊತೆ ಅದೂ ಏರಿದ್ದರೆ ನೀವು ಅಳೆದದ್ದು ಸೋರಿಕೆ. ಅಯನೋಮೈಸಿನ್ ಪ್ರಮಾಣವನ್ನೋ ಸಮಯವನ್ನೋ ಇಳಿಸಿ.

ಲ್ಯಾಂಪ್-1 ನೋಡಲು ಪ್ರತಿಕಾಯವನ್ನು ಜೀವಂತ ಕೋಶಗಳಿಗೆ ಮಂಜುಗಡ್ಡೆಯ ಮೇಲೆಯೇ 30 ನಿಮಿಷ ಕೊಡಿ (ಮಾನವ ಕೋಶಕ್ಕೆ ಎಚ್4ಎ3, ಸಣ್ಣ ಇಲಿಯ (ಮೌಸ್) ಕೋಶಕ್ಕೆ 1ಡಿ4ಬಿ). ಬೆಚ್ಚಗಾದರೆ ಕೋಶ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ತೊಳೆದ ನಂತರವೇ ಫಿಕ್ಸ್ ಮಾಡಿ (ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ಗಟ್ಟಿಗೊಳಿಸಿ). ಪ್ರತಿಕಾಯದ ಹೊಳಪು ಕೋಶದ ಅಂಚಿನಲ್ಲಿರಬೇಕು. ನ್ಯೂಕ್ಲಿಯಸ್ ಸುತ್ತ ಚುಕ್ಕೆಗಳ ಗುಂಪು ಕಂಡರೆ ಪೊರೆ ತೂತಾಗಿದೆ, ಆ ಕೋಶಗಳನ್ನು ಎಣಿಕೆಯಿಂದ ಬಿಡಿ.