ಎರೆ ನೆಲದಲ್ಲಿ ತಾಡಪತ್ರಿ ಕಂಬ ಇಳಿಯದ ಹಾಗೆ

ಮಳೆಗಾಲದ ಎರೆ (ಕಪ್ಪು ಜಿಗುಟು ಮಣ್ಣು) ಹೊಲದಲ್ಲಿ ರಾತ್ರಿ ಬಿಡಾರಕ್ಕೆ ಕಟ್ಟುವ ತಾಡಪತ್ರಿಯ (ಟಾರ್ಪಾಲಿನ್) ಕಂಬ ನಿಲ್ಲುವುದಿಲ್ಲ, ಸುಮ್ಮನೆ ದುಡ್ಡು ಹಾಳು ಎಂದವರೇ ಹೆಚ್ಚು. ಈಗ ನಿಂತಿದೆ. ಜೇವರ್ಗಿ ಕಡೆಯ ಕರಿ ನೆಲ, 12x15 ಅಡಿಯ ತಾಡಪತ್ರಿ, ಆರು ಕಂಬ, ರಾತ್ರಿಯಿಡೀ ಮಳೆ. ಬೆಳಗ್ಗೆ ಅಳೆದರೆ ಹೆಚ್ಚೆಂದರೆ ಅರ್ಧ ಇಂಚು ಇಳಿದಿತ್ತು. ಹಳೇ ಪದ್ಧತಿಯಲ್ಲಿ ಇದೇ ನೆಲದಲ್ಲಿ ಒಂದು ಗೇಣು ಹೋಗುತ್ತಿತ್ತು.

ಎಲ್ಲರೂ ಕೊಡುವ ಸಲಹೆ ಒಂದೇ: ಇನ್ನೂ ಆಳ ತೋಡು. ಬೀದರಿನ ಮುರುಮಿನಲ್ಲಿ (ಗಟ್ಟಿ ಗರಸು ನೆಲ) ಆ ಮಾತು ನಡೆಯುತ್ತದೆ. ಅಲ್ಲಿ ಗೂಟ ಒಳಗೆ ಹೋಗುವುದೇ ಕಷ್ಟ, ಕಂಬ ಇಳಿಯುವ ಚಿಂತೆ ಇಲ್ಲ. ಎರೆಯಲ್ಲಿ ತೋಡಿದ ಗುಂಡಿ ಎಂದರೆ ನೀರಿನ ಗಡಿಗೆ. ಸುತ್ತಲ ನೀರೆಲ್ಲ ಅದರೊಳಗೆ ಇಳಿದು, ಎಲ್ಲಕ್ಕಿಂತ ಮೊದಲು ಕೆಸರಾಗುವುದು ಕಂಬದ ಬುಡವೇ. ಎರಡಡಿ ತೋಡಿ ನಿಲ್ಲಿಸಿದ ಕಂಬಗಳೇ ಎಲ್ಲಕ್ಕಿಂತ ಕೆಟ್ಟದಾಗಿ ವಾಲಿದವು.

ಕಂಬಕ್ಕೆ ಬಳಸುವ ಒಂದಿಂಚಿನ ಜಿಐ (ಸತು ಬಳಿದ ಕಬ್ಬಿಣ) ಪೈಪಿನ ಕೆಳಬಾಯಿ ತೆರೆದಿದ್ದರೆ ಅದು ಮಣ್ಣನ್ನು ಕೊರೆಯುವ ಕೊಳವೆಯೇ ಆಗಿಬಿಡುತ್ತದೆ. ಬಾಯಿ ಮುಚ್ಚಿದರೂ ನೆಲಕ್ಕೆ ತಾಗುವುದು ಸುಮಾರು 9 ಚದರ ಸೆಂ.ಮೀ. ಮಾತ್ರ. ಬುಡಕ್ಕೆ ಏಳಿಂಚು ಚೌಕದ ಹಲಗೆ ಕೊಟ್ಟರೆ 300 ದಾಟುತ್ತದೆ, ಅಂದರೆ ಒತ್ತಡ ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನನ್ನ ಉಪಾಯದ ಮುಕ್ಕಾಲು ಪಾಲು ಇದೇ. ಆದರೆ ಯಾವ ಹಲಗೆ ಎಂಬುದಕ್ಕೇ ದುಡ್ಡು ಹೋದದ್ದು.

ಮೊದಲು ತೆಂಗಿನ ಚಿಪ್ಪು. ಹಗ್ಗ ಬಿಗಿದ ಕೂಡಲೇ ಒಡೆಯಿತು. ಆಮೇಲೆ ಎರಡು ಮಿ.ಮೀ. ತಗಡು, ಆರು ಕಂಬಕ್ಕೆ ನೂರೈವತ್ತು ರೂಪಾಯಿ ಆಸುಪಾಸು. ನಡುವೆ ಬಟ್ಟಲಿನಂತೆ ಬಾಗಿತು, ಅಂಚುಗಳು ಮೇಲೆದ್ದವು, ಭಾರ ಮತ್ತೆ ನಡುವಿಗೇ ಬಿತ್ತು. ಮೂರನೆಯದು ನಮ್ಮ ಶಹಾಬಾದ್ ಫರಸಿಯ (ಹಾಸುಗಲ್ಲು) ತುಂಡು. ಇಳಿಯಲೇ ಇಲ್ಲ, ನಿಜ. ಆದರೆ ಒದ್ದೆಯಾದಾಗ ಪೈಪಿನ ಬುಡ ಅದರ ಮೇಲೆ ಜಾರುತ್ತದೆ, ನಡುವೆ ಕುಳಿ ಕೆತ್ತಲು ಹೋದರೆ ಸೀಳುತ್ತದೆ. ಅರ್ಧ ಅಡಿ ಚೌಕದ್ದು ಒಂದೊಂದೂ ಕಿಲೋ ಮೇಲೆ ತೂಗುತ್ತದೆ. ಜೀಪಿದ್ದವರು ಒಯ್ಯಲಿ. ನಾಲ್ಕು ಮಿ.ಮೀ. ಉಕ್ಕಿನ ಪ್ಲೇಟಿಗೆ ಪೈಪಿನ ತುಂಡು ಬೆಸೆಸಿದ್ದು ಬಲು ಗಟ್ಟಿ. ಆದರೆ ಬೆಸುಗೆಯ ಕೂಲಿ ಸೇರಿ ಆರಕ್ಕೆ ಆರುನೂರು ದಾಟಿತು, ತೂಕ ನಾಲ್ಕು ಕಿಲೋ ಮೇಲಾಯಿತು.

ಕೊನೆಗೆ ಉಳಿದದ್ದು ಬಡಗಿಯ ಅಂಗಡಿಯಲ್ಲಿ ಬಿದ್ದ 18 ಮಿ.ಮೀ. ಪ್ಲೈವುಡ್ ತುಂಡು. ಏಳಿಂಚು ಚೌಕ ಕೊಯ್ದು, ನಟ್ಟನಡುವೆ 40 ಮಿ.ಮೀ. ಪಿವಿಸಿ ಎಂಡ್ ಕ್ಯಾಪ್ ಅನ್ನು ಬಾಯಿ ಮೇಲಾಗಿಸಿ ಎರಡು ಸ್ಕ್ರೂ ಹಾಕಬೇಕು. ಒಂದಿಂಚಿನ ಪೈಪ್ ಅದರಲ್ಲಿ ಸಡಿಲವಾಗಿ ಕೂರುತ್ತದೆ, ಕಂಬ ತುಸು ವಾಲಿದರೂ ಹಲಗೆ ಮಾತ್ರ ನೆಲಕ್ಕೆ ಮಟ್ಟವಾಗಿಯೇ ಇರುತ್ತದೆ. ಕ್ಯಾಪಿನ ತಳದಿಂದ ಹಲಗೆಯ ಆಚೆಗೆ ನೀರು ಹೋಗಲು ಒಂದು ತೂತು. ಆರಕ್ಕೆ ಇನ್ನೂರೈವತ್ತು ಬಿದ್ದಿರಬಹುದು. ಪ್ಲೈ ಉಬ್ಬದಂತೆ ಅಂಚಿಗೆ ಸವರುವುದು ಏನು, ಎಷ್ಟು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದರ ಹದ ಸಿಗಲು ನನಗೆ ಎರಡು ಮಳೆಗಾಲ ಹಿಡಿಯಿತು.

ಹಲಗೆಯನ್ನು ನೇರ ಕೆಸರಿನ ಮೇಲೆ ಇಡಬೇಡಿ. ತೊಗರಿ ಕಟ್ಟಿಗೆಯನ್ನು ಅಡ್ಡ ಒಂದು ಪದರ, ಉದ್ದ ಒಂದು ಪದರ, ಎರಡು ಬೆರಳು ದಪ್ಪ ಹಾಸಿ, ಹಲಗೆಗಿಂತ ನಾಲ್ಕು ಬೆರಳು ಹೊರಗೆ ಚಾಚಿರಲಿ. ಜೋಳದ ಕಣಿಕೆಯನ್ನೂ ನೋಡಿದೆ: ಒಂದು ರಾತ್ರಿಗೆ ಸಾಕು, ಎರಡನೇ ದಿನ ಮೆತ್ತಗಾಗುತ್ತದೆ. ಬೀದರ್ ಕಡೆಯ ಕಾರಂಜಾ ಜಲಾಶಯದ ಹಿನ್ನೀರಿನ ಹೂಳಿನಲ್ಲಿ ಮೂರು ಪದರ ಬೇಕಾಯಿತು.

ನಡುವೆ ಸುಣ್ಣದ ಪ್ರಯೋಗವೂ ಆಯಿತು. ಕಂಬಕ್ಕೆ ಒಂದು ಕಿಲೋದಷ್ಟು ಸುಣ್ಣವನ್ನು ಎರೆಯಲ್ಲಿ ಕಲಸಿ ಬಡಿದೆ. ಮಣ್ಣು ಗಟ್ಟಿಯಾಗುವುದು ಖರೆ, ಆದರೆ ದಿನಗಳು ಬೇಕು. ತಿಂಗಳುಗಟ್ಟಲೆ ನಿಲ್ಲುವ ಚಪ್ಪರಕ್ಕೆ ಸರಿ, ಒಂದು ರಾತ್ರಿಯ ಬಿಡಾರಕ್ಕಲ್ಲ.

ಬುಡ ಸರಿಹೋದ ಮೇಲೂ ಒಂದು ಮೂಲೆ ಮಾತ್ರ ಇಳಿದರೆ ಹಗ್ಗ ನೋಡಿ. 45 ಡಿಗ್ರಿಯಲ್ಲಿ ಹತ್ತು ಕಿಲೋ ಬಿಗಿದ ಒಂದು ಹಗ್ಗ ಕಂಬವನ್ನು ಏಳು ಕಿಲೋದಷ್ಟು ಕೆಳಗೆ ಒತ್ತುತ್ತದೆ. ಮೂಲೆಗೆ ಎರಡು ಹಗ್ಗವಾದರೆ ಹದಿನಾಲ್ಕು. ನೈಲಾನ್ ಒದ್ದೆಯಾದಾಗ ಹಿಗ್ಗುತ್ತದೆಂದು ಮತ್ತೆ ಮತ್ತೆ ಬಿಗಿಯುವವರು ತಮ್ಮ ಕೈಯಾರೆ ಕಂಬ ಇಳಿಸುತ್ತಾರೆ. ತಾಡಪತ್ರಿಯ ಮೇಲೆ ಒಂದು ಚದರ ಮೀಟರಿನಲ್ಲಿ ಒಂದು ಸೆಂ.ಮೀ. ನೀರು ನಿಂತರೆ ಹತ್ತು ಕಿಲೋ. ಹಾಗಾಗಿ ನಡುಗಂಬ ಎಂಟಡಿ, ಮೂಲೆಯವು ಐದೂವರೆ. ಇಳಿಜಾರು ಕಡಿಮೆ ಮಾಡಬೇಡಿ. ಹಗ್ಗ ಕಟ್ಟುವ ಒಂಬತ್ತಿಂಚಿನ ಗೂಟ ಹಸಿ ಎರೆಯಲ್ಲಿ ಬೆಣ್ಣೆಯಿಂದ ಬಂದ ಹಾಗೆ ಬರುತ್ತದೆ. ಅದರ ಬದಲು ಗೊಬ್ಬರದ ಖಾಲಿ ಚೀಲಕ್ಕೆ ಮಣ್ಣು ತುಂಬಿ, ನಡುವಿಗೆ ಹಗ್ಗ ಕಟ್ಟಿ, ಒಂದೂವರೆ ಅಡಿ ಆಳದಲ್ಲಿ ಅಡ್ಡ ಹೂತು ಮೇಲೆ ತುಳಿಯಿರಿ. ಹಗ್ಗ ಹೊರಬರುವ ಕಡೆ ನೆಲದಲ್ಲಿ ಓರೆ ಗೀರು ತೋಡಬೇಕು, ಇಲ್ಲವಾದರೆ ಚೀಲ ಮೇಲೇಳುತ್ತದೆ. ಕಂಬದ ಸಾಲಿನಿಂದ ಒಂದಡಿ ಹೊರಗೆ ಗೇಣು ಅಗಲದ ಕಾಲುವೆ ತೋಡಿ ಇಳಿಜಾರಿನ ಕಡೆ ಬಿಟ್ಟರೆ ಬುಡಕ್ಕೆ ನೀರು ಬರುವುದಿಲ್ಲ.

ಬಿಚ್ಚುವಾಗ ಹಲಗೆಯನ್ನು ನೇರ ಮೇಲಕ್ಕೆ ಎಳೆಯಬೇಡಿ, ಕೆಸರು ಹೀರಿ ಹಿಡಿದಿರುತ್ತದೆ, ಕ್ಯಾಪಿನ ಸ್ಕ್ರೂ ಕಿತ್ತು ಬರುತ್ತದೆ. ಮೊದಲೇ ಒಂದು ಮೂಲೆಗೆ ತೂತು ಮಾಡಿ ಹಗ್ಗದ ಕುಣಿಕೆ ಹಾಕಿಟ್ಟಿದ್ದರೆ ಅದನ್ನು ಹಿಡಿದು ಓರೆಯಾಗಿ ಎತ್ತಬಹುದು. ಅಲ್ಲಿಯೇ ತೊಳೆಯಿರಿ. ಎರೆ ಒಣಗಿ ಕಲ್ಲಾದ ಮೇಲೆ ಕ್ಯಾಪಿನ ತೂತು ಬಿಡಿಸಲು ಮೊಳೆ, ಸುತ್ತಿಗೆ ಎರಡೂ ಬೇಕಾಗುತ್ತವೆ.