ಪಿಕ್ ಅಪ್ ಜತೆ ನನ್ನ ಗುದ್ದಾಟ

ನಮ್ಮೂರಲ್ಲಿ ಪಿಕಪ್ ಅಂದರೆ ಎರಡೇ. ಒಂದು, ಟೊಮೇಟೊ ತುಂಬಿಕೊಂಡು ಕೋಲಾರದ ಮಂಡಿಗೆ ಹೋಗುವ ಗಾಡಿ. ಇನ್ನೊಂದು ಬೈಕಿನದು: 'ಇದ್ರಲ್ಲಿ ಪಿಕಪ್ಪೇ ಇಲ್ಲ ಕಣೋ.' ಕನ್ನಡ ಮೀಡಿಯಂ ಓದಿ ಬೆಂಗಳೂರಿನ ಆಫೀಸು ಸೇರುವವರೆಗೂ ಈ ಪದದ ಬಗ್ಗೆ ನನಗೆ ಯಾವ ಅನುಮಾನವೂ ಇರಲಿಲ್ಲ.

ಸೇರಿದ ಎರಡನೇ ತಿಂಗಳು ಲಂಡನ್ನಿನ ಮ್ಯಾನೇಜರ್ ಒಂದು ಮೇಲ್ ಹಾಕಿದರು. 'ಲೆಟ್ಸ್ ಪಿಕ್ ದಿಸ್ ಅಪ್ ಟುಮಾರೋ.' ನಾನು ಕಾಗದಪತ್ರವನ್ನೆಲ್ಲ ಕವರಿಗೆ ಹಾಕಿ, ರಿಸೆಪ್ಶನ್‌ನಲ್ಲಿಟ್ಟು, ಕೊರಿಯರ್‌ನವರು ಎಷ್ಟು ಗಂಟೆಗೆ ಬರುತ್ತಾರೆ ಅಂತ ಉತ್ತರ ಬರೆದೆ. ಅವರು ಹೇಳಿದ್ದು ಇಷ್ಟೇ: ಇವತ್ತಿಗೆ ಈ ಮಾತು ಸಾಕು, ನಾಳೆ ಮುಂದುವರಿಸೋಣ. ಪಕ್ಕದ ಸೀಟಿನವರು ಒಂದು ವಾರ ನನ್ನನ್ನು ಕೊರಿಯರ್ ಅಂತಲೇ ಕರೆದರು.

ಹಟ ಬಂತು. ನೋಟ್‌ಬುಕ್ಕಿನಲ್ಲಿ ಅರ್ಥಗಳ ಪಟ್ಟಿ ಮಾಡಿ ಬಾಯಿಪಾಠ ಹಾಕಿದೆ. 14 ಆಯಿತು. ಸುಮ್ನೆ ಶ್ರಮ. ಮೀಟಿಂಗಿನಲ್ಲಿ ಯಾರಾದರೂ ಪಿಕ್ ಅಪ್ ಅಂದರೆ ಹದಿನಾಲ್ಕೂ ಒಟ್ಟಿಗೆ ತಲೆಯೆತ್ತುತ್ತಿದ್ದವು.

ದಾರಿ ಸಿಕ್ಕಿದ್ದು ಅಪ್ಪನ ಫೋನಿನಿಂದ. 'ಬೆಳಿಗ್ಗೆ ಗಿಡಕ್ಕೆ ಔಷಧಿ ಹೊಡ್ದೆ, ಆಮೇಲೆ ಒಂದು ನಿದ್ದೆ ಹೊಡ್ದೆ. ಈ ಸಲ ರೇಟ್ ಸಿಕ್ಕಿದ್ರೆ ಲಾಟರಿ ಹೊಡ್ದಂಗೆ' ಅಂದರು. ಮೂರು ಸಲ ಹೊಡೆದರು, ಒಂದೂ ಏಟು ಬೀಳಲಿಲ್ಲ! 'ಹೊಡಿ'ಗೆ ಅರ್ಥಗಳ ಪಟ್ಟಿ ಓದಿ ನಾವ್ಯಾರೂ ಕಲಿತಿಲ್ಲ ಅಲ್ವಾ? ಔಷಧಿ, ನಿದ್ದೆ, ಲಾಟರಿ ಅಂದ ಕೂಡಲೇ ಗೊತ್ತಾಗುತ್ತದೆ.

ಅವತ್ತಿನಿಂದ ಪಿಕ್ ಅಪ್ ಬಿಟ್ಟು ಅದರ ಅಕ್ಕಪಕ್ಕ ನೋಡತೊಡಗಿದೆ. ಮಗು, ಸ್ಕೂಲು ಇದ್ದರೆ ಕರೆದುಕೊಂಡು ಬರುವುದು. ಭಾಷೆ ಇದ್ದರೆ ಯಾರೂ ಕೂರಿಸಿ ಹೇಳಿಕೊಡದೆ, ಕೇಳಿ ಕೇಳಿ ಕಲಿಯುವುದು. ಚಟವೂ ನೆಗಡಿಯೂ ಹಾಗೇ ಅಂಟುತ್ತವೆ. ರೇಡಿಯೋ ಸಿಗ್ನಲ್ ಹಿಡಿಯುತ್ತದೆ. ಪೊಲೀಸರು ಎತ್ತಿಕೊಂಡು ಹೋಗುತ್ತಾರೆ, ಇದಂತೂ ಕನ್ನಡದಲ್ಲೂ ಎತ್ತುವುದೇ. ಹೋಟೆಲಿನ ಬಿಲ್ ಇದ್ದರೆ ದುಡ್ಡು ಕೊಡುವುದು. ಬೇರೆಯವರ ಬಾಯಲ್ಲಿ ಕೇಳೋಕೆ ನನಗೆ ಜಾಸ್ತಿ ಇಷ್ಟವಾದ ಅರ್ಥ. ಇನ್ನು ವ್ಯಾಪಾರವೋ ಗಾಳಿಯೋ ತಾನಾಗೇ ಪಿಕ್ ಅಪ್ ಆದರೆ, ಮಂಕಾಗಿದ್ದದ್ದು ಜೋರಾಯಿತು ಅಂತ. ನಮ್ಮ ಬೈಕಿನ ಪಿಕಪ್ ಇದರ ತಮ್ಮ.

ಪದ ಕೂರುವ ಜಾಗದಲ್ಲೂ ಒದ್ದಾಡಿದ್ದೇನೆ. 'ಪಿಕ್ ಅಪ್ ದ ಫೋನ್' ಸರಿ, 'ಪಿಕ್ ದ ಫೋನ್ ಅಪ್' ಕೂಡ ಸರಿ. ಆದರೆ ಫೋನಿನ ಬದಲು 'ಇಟ್' ಬಂದರೆ ಅದು ನಡುವೆಯೇ ಕೂರಬೇಕು: 'ಪಿಕ್ ಇಟ್ ಅಪ್'. ಎರಡು ವರ್ಷ ನಾನು ಧೈರ್ಯವಾಗಿ 'ಪಿಕ್ ಅಪ್ ಇಟ್' ಅಂದಿದ್ದೇನೆ. ಒಂದು ರಿಪೋರ್ಟಿನಲ್ಲಿ 'ಪಿಕಪ್ಡ್' ಅಂತಲೂ ಬರೆದಿದ್ದೆ. ಭೂತಕಾಲದ ಬಾಲ ಅಂಟುವುದು ಪಿಕ್‌ಗೆ, ಅಪ್‌ಗಲ್ಲ.

ಪಿಕ್ ಅಪ್ ಆದಮೇಲೆ 'ಆನ್' ಸೇರಿದರೆ ಮತ್ತೆ ಬೇರೆ. ಬಾಯಿಬಿಟ್ಟು ಹೇಳದ್ದನ್ನು ಗಮನಿಸುವುದು. ಹೋದ ತಿಂಗಳು ಕಾಲ್‌ನಲ್ಲಿ ಅದೇ ಮ್ಯಾನೇಜರ್, 'ಐ ಪಿಕ್ಡ್ ಅಪ್ ಆನ್ ಯುವರ್ ಸೈಲೆನ್ಸ್' ಅಂದರು, ನನಗೆ ಏನೋ ಬೇಸರ ಆಗಿರಬೇಕು ಅಂದುಕೊಂಡು. ಈ ಸಲ ನನಗೆ ಅರ್ಥ ಥಟ್ಟನೆ ಹೊಳೆಯಿತು. ಆದರೆ ನಾನು ಮಾತಾಡುತ್ತಲೇ ಇದ್ದೆ, ಮ್ಯೂಟ್ ತೆಗೆಯೋಕೆ ಮರೆತಿದ್ದೆ ಅಷ್ಟೇ.